ಗೆಡ್ಡೆ ಚಿಗುರಿತು

ಗೆಡ್ಡೆಗಿಡ ಪ್ರಿಯರ ಸಂಘದ ಅಧ್ಯಕ್ಷ ಹನುಮಂತರಾಜು ಹಿರಿಯೂರಿನಿಂದ ಬಸ್ಸಿನಲ್ಲಿ ಬಂದವರೇ, ಕೊಟ್ಟ ನೀರನ್ನೂ ಕುಡಿಯದೆ ಕುಂಡದ ಮುಂದೆ ಮಂಡಿಯೂರಿದರು. ಜೇಬಿನಿಂದ ಭೂತಗನ್ನಡಿ ಹೊರಬಂತು. ಶ್ರೀರಾಂಪುರದ ವಿಜ್ಞಾನ ಮೇಷ್ಟ್ರು ಲಕ್ಷ್ಮೀಕಾಂತ್ ನೋಟ್‌ಬುಕ್ ಹಿಡಿದು ಪಕ್ಕದಲ್ಲೇ ನಿಂತ.

ಬುಡ ಉಬ್ಬಿ ಗೆಡ್ಡೆಯಾಗುವ, ಚಳಿಗಾಲದಲ್ಲಷ್ಟೇ ಚಿಗುರುವ ಆ ವಿದೇಶಿ ಗಿಡವನ್ನು ಆತ ಪಾರ್ಸೆಲ್ಲಿನಲ್ಲಿ ತರಿಸಿದ್ದ. ನಿಂಬೆಗಾತ್ರದ ಗೆಡ್ಡೆಯೇನೋ ಬಂತು, ಹೆಸರಿನ ಚೀಟಿ ಬರಲಿಲ್ಲ. ಎಲೆ ನೋಡದೆ ಹೆಸರು ಹೇಳುವಂತಿಲ್ಲ. ಹಿತ್ತಲಿನ ಮಣ್ಣು ತುಂಬಿ ನೆಟ್ಟು, ಬೇಸಿಗೆಯಿಡೀ ಹನಿ ನೀರು ಕೊಡದೆ, ಹೆಂಡತಿ ಹೇಮಾವತಿಯನ್ನೂ ಹತ್ತಿರ ಬಿಡದೆ ಕಾದ. ಕಾರ್ತಿಕ ಬಂದದ್ದೇ ತಡ, ಕೊಡಗಟ್ಟಲೆ ನೀರು ಹೊಯ್ದ. ಎಂಟೇ ದಿನಕ್ಕೆ ನಾಲ್ಕು ಎಲೆ! ಹೆಸರು ಗಟ್ಟಿಯಾದರೆ ಸಂಘದ ಕಾರ್ಯದರ್ಶಿ ಪಟ್ಟ ಅವನಿಗೇ ಎಂದು ಅಧ್ಯಕ್ಷರು ಫೋನಿನಲ್ಲೇ ಮಾತು ಕೊಟ್ಟಿದ್ದರು. ಅಂದಿನಿಂದ ಮೇಷ್ಟ್ರ ಕಾಲು ನೆಲದ ಮೇಲಿರಲಿಲ್ಲ.

"ಅದೇ ಕಣ್ರಿ ಇದು! ಅನುಮಾನನೇ ಇಲ್ಲ," ಎಂದ ಹನುಮಂತರಾಜು ಮಾರುದ್ದದ ಲ್ಯಾಟಿನ್ ಹೆಸರೊಂದನ್ನು ಉದುರಿಸಿದರು. "ಇಡೀ ಜಿಲ್ಲೆಗೆ ಇದೊಂದೇ ಐತೆ. ಬರ್ಕಳ್ರಿ."

ಲಕ್ಷ್ಮೀಕಾಂತ್ ಬರೆದುಕೊಂಡ. ಕೆಳಗೆ ಎರಡು ಗೆರೆಯನ್ನೂ ಎಳೆದ.

ಊಟಕ್ಕೆ ಕುಳಿತರು. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದ ಅಧ್ಯಕ್ಷರು ಬಡಿಸುತ್ತಿದ್ದ ಹೇಮಾವತಿಯತ್ತ ತಲೆದೂಗಿದರು. "ಇದು ಯಾವ ಸೊಪ್ಪಮ್ಮ? ಭಾಳ ರುಚಿಯಾಗೈತೆ."

"ಅಣ್ಣೆಸೊಪ್ಪು ಸಾರ್. ಈಗ ಕನ್ನಡಿ ಹಿಡ್ಕಂಡು ನೋಡಿದ್ರಲ್ಲ, ಅದೇ. ಹೇಳಾಣ ಅಂದ್ರೆ ಇವ್ರು ಕುಂಡದ ಹತ್ರಾನೇ ಬಿಡ್ಲಿಲ್ಲ. ಹಿತ್ತಲ ತುಂಬ ಐತೆ, ಇನ್ನೊಂದು ಸೌಟು ಹಾಕ್ಲಾ?"

ಲಕ್ಷ್ಮೀಕಾಂತ್ ಎಂಜಲು ಕೈಯಲ್ಲೇ ಅಂಗಳಕ್ಕೆ ಓಡಿ ಚಿಗುರನ್ನು ಜಗ್ಗಿದ. ಅದು ತನ್ನದೇ ಬೇರಿನೊಂದಿಗೆ ಸಲೀಸಾಗಿ ಕಿತ್ತುಬಂತು. ಪಕ್ಕದ ಗೆಡ್ಡೆಯನ್ನು ಮುಟ್ಟಿದರೆ ಬೆರಳು ಒಳಕ್ಕೇ ಇಳಿಯಿತು. ಕೊಳೆತು ಎಷ್ಟು ದಿನವಾಗಿತ್ತೋ. ಪಾಪ, ಅವನ ಮುಖ ನೋಡುವಂತಿರಲಿಲ್ಲ.

"ಸಾರ್, ಇದು ಬರೀ ಕಳೆ..." ಎನ್ನುತ್ತ ಗಿಡ ಹಿಡಿದುಕೊಂಡೇ ಒಳಗೆ ಬಂದ.

ಹನುಮಂತರಾಜು ತಟ್ಟೆಯಿಂದ ತಲೆ ಎತ್ತಲಿಲ್ಲ. "ಆ ಹೆಸರಿನ ಮುಂದೆ ‘ತಿನ್ನಾಕೂ ಬರ್ತೈತೆ’ ಅಂತ ಸೇರಿಸ್ಕಳ್ರಿ, ಕಾರ್ಯದರ್ಶಿಗಳೇ."

ಲಕ್ಷ್ಮೀಕಾಂತ್ ಗಿಡವನ್ನು ಮೂಲೆಗಿಟ್ಟ. ಆಮೇಲೆ ಕೈ ತೊಳೆದುಕೊಂಡು ಪೆನ್ನು ಹುಡುಕಿದ.