ಏಳರ ಮಗ್ಗಿಯ ತಾಳ

ಒದ್ದೆ ಸ್ಲೇಟಿನ ವಾಸನೆ ಬಂದರೆ ಈಗಲೂ ನನ್ನ ಬೆರಳು ತಾನಾಗಿ ತಾಳ ಹಾಕುತ್ತದೆ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಮಾದಾಪುರದ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸೀತುವಿಗೆ ಮಗ್ಗಿ ತಲೆಗೆ ಹತ್ತುತ್ತಿರಲಿಲ್ಲ. ಅವಳ ಅಪ್ಪ ಸಾವಿನ ಮನೆಗಳಲ್ಲಿ ಡೋಲು ಬಡಿಯುವವರು.

“ಬಾಯಿಗೆ ಬಾರದಿದ್ರೆ ಕೈಗೆ ಬರ್ತದೆ, ಬಡಿದು ಹೇಳು ಮಗಾ,” ಎಂದರು ಮೇಷ್ಟ್ರು.

ಸ್ಲೇಟು ಬಡಿಯುತ್ತ ಅವಳು ಏಳರ ಮಗ್ಗಿಯನ್ನು ತಪ್ಪಿಲ್ಲದೆ ಒಪ್ಪಿಸಿದಳು. ಹಿಗ್ಗಿದ ಮೇಷ್ಟ್ರು ನಮ್ಮೆಲ್ಲರಿಂದಲೂ ಹಾಗೆಯೇ ಹೇಳಿಸಿದರು.

ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ಕಿಟಕಿಗೆ ಬಂದು, “ಇದು ಹೆಣ ಎತ್ತುವ ಬಡಿತ ಅಲ್ವಾ? ಯಾರು ಹೋದದ್ದು ಮೇಷ್ಟ್ರೇ?” ಎಂದರು.

“ಯಾರೂ ಇಲ್ಲ ಅವ್ವ, ಮಕ್ಕಳ ಪಾಠ.”

ಆಗಲೇ ಗುಡ್ಡದಾಚೆ ಸಾವು ತಿಳಿಸುವ ಎರಡು ಗುಂಡು ಹಾರಿದವು. ನಾವೆಲ್ಲ ಕೈ ನಿಲ್ಲಿಸಿದೆವು. ಸೀತು ಮಾತ್ರ ಕಣ್ಣು ಮುಚ್ಚಿ, ಮೇಷ್ಟ್ರು ಇನ್ನೂ ಕಲಿಸದ ಎಂಟರ ಮಗ್ಗಿಗೆ ದಾಟಿದ್ದಳು.