ಸದ್ದಡಗಿದ ಹೊಲ

ಲೋಹ ಪತ್ತೆ ಹಚ್ಚುವ ಯಂತ್ರ ಮತ್ತೆ ಕಿರುಚಿತು. ಯುದ್ಧ ಕಂಡಿದ್ದ ಹರ್ಜೆಗೋವಿನಾ ನಾಡಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶವೇ ತುಂಬಿರುವುದರಿಂದ ಅದು ನೆಲಬಾಂಬಿಗೂ ಬರಿ ಮಣ್ಣಿಗೂ ಒಂದೇ ಸಮ ಅರಚುತ್ತಿತ್ತು. ಬಾಂಬು ತೆಗೆಯುವ ಕೆಲಸದ ಸೆನಿಯಾ ಪ್ರತಿ ಸದ್ದಿಗೂ ಮಂಡಿಯೂರಿ ಸಲಾಕಿಯಿಂದ ಓರೆಯಾಗಿ ಚುಚ್ಚಿ ನೋಡುತ್ತಿದ್ದಳು.

"ಆಲೂಗಡ್ಡೆ ಕೀಳ್ತಿದೀಯೇನಮ್ಮಾ?" ಮೇಲ್ವಿಚಾರಕ ಮಿರ್ಸಾದ್ ಬಂದು ಯಂತ್ರದ ಸೂಕ್ಷ್ಮತೆಯ ತಿರುಪನ್ನು ತಗ್ಗಿಸಿದ. ಸದ್ದಡಗಿತು. "ನೋಡು, ತೆಪ್ಪಗಾಯ್ತು. ನಾಳೆ ಕುರಿಯವರಿಗೆ ಹೊಲ ಒಪ್ಪಿಸ್ಬೇಕು."

"ಕಿವಿ ಮುಚ್ಚಿದ್ರೆ ಬಾಂಬೂ ತೆಪ್ಪಗೇ ಇರುತ್ತೆ ಮಿರ್ಸಾದಣ್ಣ, ಕಾಲಿಡೋವರೆಗೆ."

"ಕಾಗದದಲ್ಲಿ ಶುದ್ಧ ಅಂತ ಬರೆದ್ರೆ ಆಯ್ತು."

ಒಪ್ಪಿಸುವ ದಿನ ಬಾಂಬು ತೆಗೆದವರೇ ಊರವರ ಮುಂದೆ ಹೊಲದ ಉದ್ದಕ್ಕೂ ನಡೆದು ತೋರಿಸುವುದು ಅವರ ಪದ್ಧತಿ. ಸೆನಿಯಾ ಎದ್ದು ದಾರಿ ಬಿಟ್ಟಳು. "ನಾಳೆವರೆಗೆ ಯಾಕಣ್ಣ? ಈಗ್ಲೇ ನಡೆದು ತೋರ್ಸಿ."

ಮಿರ್ಸಾದ್ ಒಂದು ಕಾಲು ಎತ್ತಿದ. ಕೆಂಪು ನೆಲವನ್ನು ನೋಡುತ್ತ, ಆ ಕಾಲನ್ನು ಎತ್ತಿದ ಜಾಗದಲ್ಲೇ ಮತ್ತೆ ಇಟ್ಟ. "ಇನ್ನೊಂದು ಸಲಾಕಿ ಇದ್ಯಾ?" ಎಂದ.