ನೆರೆಯ ಕಾಟ

ಮಳೆಗಾಲಕ್ಕೆ ಮೊದಲು ಹೊಳೆಬದಿಯ ಮನೆಗೆ ವಿಮೆ ಮಾಡಿಸಲೇಬೇಕಿತ್ತು. "ಸುಳ್ಳು ಹೇಳಿದ್ರೆ ಆಮೇಲೆ ಪರಿಹಾರ ಸಿಗುದಿಲ್ಲ, ಕೇಳಿದ್ದಕ್ಕೆಲ್ಲ ನಿಜವೇ ಹೇಳಮ್ಮ" ಎಂದು ಮಗಳು ವಾರಿಜಕ್ಕನಿಗೆ ತಾಕೀತು ಮಾಡಿದ್ದಳು.

ಘಟ್ಟದ ಮೇಲಿನಿಂದ ಬಂದಿದ್ದ ವಿಮೆ ಅಧಿಕಾರಿ ಅರ್ಜಿ ಬಿಡಿಸಿ ಕುಳಿತ.

"ನೆರೆಯ ಕಾಟ ಇದೆಯಾ ಅಮ್ಮಾ?"

"ಉಂಟು ಮಾರಾಯ್ರೆ. ದಿನಾ ಒಳಗೆ ಬರ್ತದೆ."

"ದಿನಾನಾ! ಎಷ್ಟು ಎತ್ತರ?"

"ನನ್ನ ಭುಜದವರೆಗೆ."

ಅಧಿಕಾರಿ ಮೆಲ್ಲಗೆ ಕಾಲೆರಡನ್ನೂ ಕುರ್ಚಿಯ ಮೇಲೆ ಎಳೆದುಕೊಂಡ.

"ಸಾಮಾನು ಏನಾದ್ರೂ ಹೋಗಿದ್ಯಾ?"

"ಸಕ್ಕರೆ, ಚಾ ಹುಡಿ ಯಾವಾಗ್ಲೂ ಹೋಗ್ತದೆ. ಮೊನ್ನೆ ಮಿಕ್ಸಿಯೂ ಹೋಯ್ತು."

ಅವನು ಅರ್ಜಿಯ ಮೇಲೆ 'ತಿರಸ್ಕೃತ' ಎಂದು ಬರೆದು ಸಹಿ ಹಾಕಿದ. ಮನಸ್ಸು ತಡೆಯದೆ ಕೇಳಿದ:

"ಒಂದ್ಸಲ ಬಂದ್ರೆ ವಾಪಸ್ ಹೋಗೋದು ಯಾವಾಗಮ್ಮಾ?"

"ಬೇಲಿಯಾಚೆಯಿಂದ ಅದರ ಗಂಡ ಕೂಗಿದಾಗ."